ಒಂದು ಟನ್ ಕಬ್ಬಿನ ಲೆಕ್ಕ



ಪರಿಸರ ಕಾಪಾಡಲು ಹೊರಟರೆ ಉದ್ದಿಮೆಗೆ ನಷ್ಟ, ಉದ್ದಿಮೆ ಲಾಭ ಮಾಡಿದರೆ ಊರ ಹೊಳೆಗೆ ಕಷ್ಟ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಅದು ಎಷ್ಟರ ಮಟ್ಟಿಗೆ ನಿಜ ಎಂದು ತಿಳಿಯಲು ಸಕ್ಕರೆ ಕಾರ್ಖಾನೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಮಂಡ್ಯದಿಂದ ಬೆಳಗಾವಿಯವರೆಗೆ ನಮ್ಮಲ್ಲಿ ಅವು ಬೇಕಾದಷ್ಟಿವೆ.

ಒಂದು ಟನ್ ಕಬ್ಬು ನುರಿಸಿದರೆ ಸಿಗುವ ಸಕ್ಕರೆ ಸುಮಾರು 100 ಕಿಲೋ. ಮಿಕ್ಕಿದ್ದೆಲ್ಲ ಏನಾಯಿತು? ಕಬ್ಬಿನ ತೂಕದಲ್ಲಿ ಶೇ 70ರಷ್ಟು ನೀರೇ ಇರುತ್ತದೆ. ಗಾಣದಿಂದ ಹೊರಬರುವ ಸಿಪ್ಪೆ 300 ಕಿಲೋ ಆಸುಪಾಸು, ಅದರಲ್ಲೂ ಅರ್ಧ ತೇವ. ಕಾಕಂಬಿ 40–45 ಕಿಲೋ. ರಸ ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್ 30–40 ಕಿಲೋ. ಮಾರುವ ಸರಕು ಹತ್ತರಲ್ಲಿ ಒಂದು ಪಾಲು ಎಂದಾದಾಗ ಉಳಿದ ಒಂಬತ್ತು ಪಾಲನ್ನು ಏನು ಮಾಡುತ್ತೇವೆ ಎಂಬುದರ ಮೇಲೆ ಲಾಭವೂ ನಿಂತಿದೆ, ಸುತ್ತಲಿನ ನೆಲ ಜಲವೂ ನಿಂತಿದೆ.

ರಸದೊಳಗಿನ ನೀರನ್ನೇ ಮೊದಲು ನೋಡೋಣ. ಅದನ್ನು ಆವಿ ಮಾಡದೆ ಸಕ್ಕರೆ ಹರಳುಗಟ್ಟುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಲೂಸಿಯಾನದಲ್ಲಿ ಈ ಕೆಲಸ ತೆರೆದ ಕೊಪ್ಪರಿಗೆಗಳಲ್ಲಿ ನಡೆಯುತ್ತಿತ್ತು. ಕುದಿಯುವ ಪಾಕವನ್ನು ಒಂದರಿಂದ ಇನ್ನೊಂದಕ್ಕೆ ಮೊಗೆದು ಹಾಕುತ್ತಿದ್ದವರು ಗುಲಾಮರು. ಸುಡುತ್ತಿದ್ದದ್ದು ರಾಶಿ ರಾಶಿ ಸೌದೆ. ಅಲ್ಲಿಯೇ ಹುಟ್ಟಿದ ನಾರ್ಬರ್ಟ್ ರಿಲಿಯೂ ಎಂಬ ಕಪ್ಪು ಮೂಲದ ಎಂಜಿನಿಯರ್ 1843ರಲ್ಲಿ ಒಂದು ಪೇಟೆಂಟ್ ಪಡೆದ. ಮೊದಲ ಪಾತ್ರೆಯ ರಸದಿಂದ ಎದ್ದ ಆವಿಯನ್ನು ಗಾಳಿಗೆ ಬಿಡದೆ, ಎರಡನೆಯ ಪಾತ್ರೆಯ ರಸವನ್ನು ಕಾಯಿಸಲು ಹರಿಸಿದ. ಒತ್ತಡ ಇಳಿದರೆ ದ್ರವ ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಹಾಗಾಗಿ ಮುಂದಿನ ಪಾತ್ರೆಗಳಲ್ಲಿ ಒತ್ತಡವನ್ನು ಇಳಿಸುತ್ತಾ ಹೋದ. ಇಂಥ ನಾಲ್ಕು ಪಾತ್ರೆಗಳ ಸಾಲಿನಲ್ಲಿ ಒಂದು ಕಿಲೋ ಹಬೆ ಹೆಚ್ಚುಕಡಿಮೆ ನಾಲ್ಕು ಕಿಲೋ ನೀರನ್ನು ಆವಿ ಮಾಡುತ್ತದೆ. ಪರಿಸರದ ಹೆಸರೆತ್ತದೆ ಕಾಡು ಉಳಿಸಿದ ಯಂತ್ರ ಅದು. ಇಂದಿಗೂ ಎಲ್ಲ ಸಕ್ಕರೆ ಕಾರ್ಖಾನೆಗಳ ನಡುಮನೆಯಲ್ಲಿ ಇರುವುದು ಅದೇ ತತ್ತ್ವ. ಆ ಆವಿ ತಣಿದು ಸಿಗುವ ನೀರು ಬಾಯ್ಲರಿಗೂ ಗಾಣಕ್ಕೂ ಮರಳುತ್ತದೆ. ಚೆನ್ನಾಗಿ ನಡೆಯುವ ಕಾರ್ಖಾನೆ ಹೊರಗಿನ ನೀರಿಗೆ ಕೈಚಾಚುವುದು ತೀರಾ ಕಡಿಮೆ.

ಸಿಪ್ಪೆಯ ಕಥೆ ಇನ್ನೂ ಸ್ವಾರಸ್ಯದ್ದು. ಆಲೆಮನೆಯವರು ಅದನ್ನು ಬಿಸಿಲಿಗೆ ಹರವಿ ಒಣಗಿಸಿ ಒಲೆಗೆ ಹಾಕುತ್ತಾರೆ, ಒಂದು ಎಳೆಯನ್ನೂ ಹಾಳು ಮಾಡುವುದಿಲ್ಲ. ಕಾರ್ಖಾನೆಗಳ ಹಳೆಯ ಬಾಯ್ಲರುಗಳು ಹಾಗಿರಲಿಲ್ಲ. ಸಿಪ್ಪೆ ಗುಡ್ಡೆ ಬಿದ್ದರೆ ಬೆಂಕಿಯ ಭಯ, ಕೊಳ್ಳುವವರಿಲ್ಲ. ಹೇಗಾದರೂ ಸುಟ್ಟು ಮುಗಿದರೆ ಸಾಕು ಎನ್ನುವ ಕಾಲ ಅದು. ಚದರ ಸೆಂಟಿಮೀಟರಿಗೆ 21 ಕಿಲೋ ಒತ್ತಡದ ಆ ಬಾಯ್ಲರುಗಳ ಜಾಗಕ್ಕೆ 67, 87, 110 ಕಿಲೋ ಒತ್ತಡದವು ಬಂದ ಮೇಲೆ ಲೆಕ್ಕವೇ ತಿರುಗಿತು. ಅದೇ ಸಿಪ್ಪೆಯಿಂದ ಟನ್ ಕಬ್ಬಿಗೆ 100 ಯೂನಿಟ್ ಮೀರಿ ವಿದ್ಯುತ್ ತೆಗೆಯಬಹುದು. ಕಾರ್ಖಾನೆಯ ಸ್ವಂತ ಬಳಕೆಗೆ ಸುಮಾರು 30 ಸಾಕು. ಉಳಿದದ್ದು ಗ್ರಿಡ್‌ಗೆ ಮಾರಾಟ. ಇಷ್ಟಾದ ಮೇಲೆ ಪೈಪಿಗೆ ಶಾಖ ನಿಲ್ಲುವ ಹೊದಿಕೆ ಸುತ್ತುವುದು, ಸೋರುವ ವಾಲ್ವ್ ಬದಲಿಸುವುದು ಖರ್ಚಿನ ಬಾಬ್ತಾಗಿ ಉಳಿಯಲಿಲ್ಲ, ಆದಾಯದ ಬಾಬ್ತಾಯಿತು.

ಇಷ್ಟರವರೆಗೆ ಲಾಭವೂ ಪರಿಸರವೂ ಜೊತೆಜೊತೆಯಾಗಿ ನಡೆದವು. ಎಲ್ಲ ಕಡೆಯೂ ಹೀಗೆಯೇ ಎಂದು ಹೇಳಿದರೆ ನಿಮಗೆ ಸುಳ್ಳು ಹೇಳಿದಂತೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ಬಟ್ಟಿ ಇಳಿಸಿದರೆ ಸುಮಾರು 10 ಲೀಟರ್ ಸ್ಪೆಂಟ್‌ವಾಷ್ ಉಳಿಯುತ್ತದೆ. ಕಡುಗಂದು ಬಣ್ಣ, ತಡೆಯಲಾಗದ ನಾತ. ಹೊಳೆಗೆ ಬಿದ್ದರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುತ್ತದೆ. ಹಳ್ಳಕ್ಕೆ ಬಿಡುವುದಕ್ಕೆ ಕಾಸಿನ ಖರ್ಚಿಲ್ಲ, ಸಂಸ್ಕರಿಸುವುದಕ್ಕೆ ಕೋಟಿಗಟ್ಟಲೆ ಬೇಕು. ಇಲ್ಲಿ ಮಾಲೀಕರ ಒಳ್ಳೆಯತನವನ್ನು ನಂಬಿ ಕೂರಲಾಗುವುದಿಲ್ಲ. ಒಂದು ಹನಿಯೂ ಹೊರಗೆ ಹೋಗಕೂಡದು ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟು ಹಿಡಿದ ಮೇಲೆಯೇ ಅದನ್ನು ಗಟ್ಟಿಯಾಗಿಸಿ ಬಾಯ್ಲರಿನಲ್ಲಿ ಉರಿಸುವ ವ್ಯವಸ್ಥೆ ವ್ಯಾಪಕವಾಯಿತು. ಉರಿದ ಮೇಲೆ ಉಳಿಯುವ ಬೂದಿಯಲ್ಲಿ ಪೊಟ್ಯಾಷ್ ಇದೆ. ನಮ್ಮ ದೇಶ ತನಗೆ ಬೇಕಾದ ಪೊಟ್ಯಾಷನ್ನು ಬಹುಪಾಲು ಹೊರಗಿನಿಂದ ತರಿಸಿಕೊಳ್ಳುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಕಾಕಂಬಿ ಮೂಲದ ಪೊಟ್ಯಾಷನ್ನೂ ಗೊಬ್ಬರದ ಸಬ್ಸಿಡಿಗೆ ಸೇರಿಸಿತು. ಲಾಭ ಬಂತು, ನಿಜ. ಆದರೆ ಕಾನೂನು ಮುಂದೆ ನಡೆಯಿತು, ಲಾಭ ಅದರ ಹಿಂದೆ ಬಂತು. ಈ ಕ್ರಮವನ್ನು ನಾವು ಮರೆಯಬಾರದು.

ಇನ್ನು ಕಾರ್ಖಾನೆಯ ಗೇಟಿನ ಹೊರಗಿನ ಮಾತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಈಗಲೂ ಎಷ್ಟೋ ಕಡೆ ಬೆಂಕಿ ಇಡುತ್ತಾರೆ. ಆಳು ಸಿಗುವುದಿಲ್ಲ, ನೀರು ಹಾಯಿಸಲು ಅಡ್ಡ. ರೈತರನ್ನು ಬೈದು ಪ್ರಯೋಜನವಿಲ್ಲ. ಅದೇ ರವದಿಯನ್ನು ಕತ್ತರಿಸಿ ಸಾಲುಗಳ ನಡುವೆ ಹೊದಿಸಿದರೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ, ಕೊಳೆತು ಮಣ್ಣು ಸೇರುತ್ತದೆ. ಕತ್ತರಿಸುವ ಯಂತ್ರಗಳೂ ಇವೆ, ಸಣ್ಣ ಹಿಡುವಳಿಯವರ ಕೈಗೆ ಎಟಕುವುದಿಲ್ಲ ಅಷ್ಟೆ. ಅವನ್ನು ಕೊಂಡು ಕಡಿಮೆ ಬಾಡಿಗೆಗೆ ಹಳ್ಳಿಗಳಿಗೆ ಕಳಿಸುವ ಕೆಲಸವನ್ನು ಕಾರ್ಖಾನೆಗಳು ತಮ್ಮ ವ್ಯವಹಾರದ ಭಾಗವಾಗಿಯೇ ಮಾಡಬೇಕು. ಆ ಹೊಲದ ಕೂಳೆ ಬೆಳೆ ಮುಂದಿನ ಹಂಗಾಮಿಗೆ ಬರುವುದು ಅದೇ ಕಾರ್ಖಾನೆಯ ಗಾಣಕ್ಕೆ.