ಶಾಲೆಯ ಅಂಗಳದ ಮರ ಮತ್ತು ಗರಗಸದ ಆಯ್ಕೆ

(ಕಾಸರಗೋಡು ಭಾಗದ ಕನ್ನಡ ಮಾಧ್ಯಮ ಅಧ್ಯಾಪಕರ ರಜಾಕಾಲದ ತರಬೇತಿ ಶಿಬಿರದಲ್ಲಿ, ಮರಗಳ ಆರೈಕೆಯ ಕೆಲಸದಲ್ಲಿರುವವರೊಬ್ಬರು ನೀಡಿದ ಉಪನ್ಯಾಸದ ಪಾಠ)



ನನ್ನನ್ನು ಪರಿಚಯಿಸುವಾಗ ಶಿಬಿರದ ಸಂಚಾಲಕರು ಒಂದು ಕ್ಷಣ ತಡವರಿಸಿದರು. ‘ವೃಕ್ಷವೈದ್ಯ’ ಎಂದರೆ ಹೆಚ್ಚಾಯಿತು, ‘ಮರ ಕಡಿಯುವವರು’ ಎಂದರೆ ಅತಿಥಿಗೆ ಅಗೌರವವಾದೀತು ಎಂಬ ಸಂಕೋಚ ಅವರದು. ಊರಿನಲ್ಲಿ ನನಗೆ ಎರಡನೆಯ ಹೆಸರೇ ರೂಢಿಯಾಗಿದೆ. ಅದರಿಂದ ನನಗೆ ಬೇಸರವೂ ಇಲ್ಲ. ಆದರೆ ನನ್ನ ಕೆಲಸದ ಹೆಚ್ಚಿನ ಪಾಲು ಮರವನ್ನು ಉರುಳಿಸುವುದಲ್ಲ. ಹಗ್ಗ ಬಿಗಿದುಕೊಂಡು ಮೇಲೇರಿ, ಯಾವ ಕೊಂಬೆ ಹೋಗಬೇಕು, ಯಾವುದು ಉಳಿಯಬೇಕು ಎಂಬುದನ್ನು ನೋಡಿ, ಮರವನ್ನು ಉಳಿಸಿಕೊಳ್ಳುವುದೇ ಈ ಕೆಲಸ. ‘ಟ್ರೀ ಸರ್ಜನ್’ ಎಂಬ ಇಂಗ್ಲಿಷ್ ಹೆಸರು ಈಗೀಗ ನಮ್ಮ ಕಡೆಗೂ ಬಂದಿದೆ.

ಅಧ್ಯಾಪಕರಿಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮಲ್ಲಿ ಜೂನ್ ತಿಂಗಳ ಆರಂಭದಲ್ಲಿ ಶಾಲೆಯ ಬಾಗಿಲು ತೆರೆಯುವುದೂ ಮುಂಗಾರು ಇಳಿಯುವುದೂ ಬಹುಮಟ್ಟಿಗೆ ಜತೆಯಾಗಿಯೇ ಆಗುತ್ತವೆ. ಮೇ ಕೊನೆಯ ವಾರದಲ್ಲಿ ಯಾರೋ ಒಬ್ಬ ಪೋಷಕರು ಅಂಗಳದ ಮರವನ್ನು ನೋಡಿ ‘ಇದು ಬಿದ್ದರೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರಿಸುವ ಹೊಣೆ ಮುಖ್ಯೋಪಾಧ್ಯಾಯರ ಹೆಗಲಿಗೆ ಬರುತ್ತದೆ. ಅವಸರದಲ್ಲಿ ಯಾರನ್ನೋ ಕರೆಸುತ್ತಾರೆ. ಬಂದವನ ಕೈಯಲ್ಲಿರುವ ಯಂತ್ರ ಯಾವುದೋ ಅದಕ್ಕೆ ತಕ್ಕ ಕೆಲಸ ನಡೆದುಹೋಗುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇದೊಂದನ್ನೇ: ಮೊದಲು ಮರವನ್ನು ನೋಡಬೇಕು, ಬಳಿಕ ಯಾವ ಕೊಯ್ತ ಎಂಬುದನ್ನು ನಿಶ್ಚಯಿಸಬೇಕು, ಯಂತ್ರದ ಆಯ್ಕೆ ಕೊನೆಗೆ ಬರಬೇಕು.

ಈ ಕ್ರಮವನ್ನು ನಾನು ಕಲಿತದ್ದು ತಪ್ಪು ಮಾಡಿ. ಹದಿನೆಂಟು ವರ್ಷಗಳ ಹಿಂದೆ ಒಂದು ಶಾಲೆಯವರು, ಮಳೆಮರದ ಕೊಂಬೆಗಳು ಮಾಡಿನ ಮೇಲೆ ಚಾಚಿವೆ ಎಂದು ನನ್ನನ್ನು ಕರೆದರು. ಆಗಷ್ಟೇ ಸಾಲ ಮಾಡಿ 60 ಸೆಂ.ಮೀ. ಅಲಗಿನ ದೊಡ್ಡ ಪೆಟ್ರೋಲ್ ಗರಗಸವೊಂದನ್ನು ಕೊಂಡಿದ್ದೆ. ಅಂಥ ಯಂತ್ರ ಕೈಯಲ್ಲಿರುವಾಗ ಎರಡು ಕೊಂಬೆಗಳನ್ನಷ್ಟೇ ತೆಗೆದು ಕೆಳಗಿಳಿಯುವ ಸಂಯಮ ನನಗಿರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಮರದ ತಲೆಯನ್ನು ಬೋಳಿಸಿದೆ. ‘ಇನ್ನು ಹತ್ತು ವರ್ಷ ಚಿಂತೆಯಿಲ್ಲ’ ಎಂದು ಎಲ್ಲರೂ ಸಂತೋಷಪಟ್ಟರು. ಮರುವರ್ಷ ಪ್ರತಿ ಮೋಟಿನಿಂದಲೂ ಹೊಸ ಚಿಗುರುಗಳು ಗೊಂಚಲುಗೊಂಚಲಾಗಿ ಎದ್ದವು. ಆರನೆಯ ವರ್ಷದ ಮಳೆಗಾಲದಲ್ಲಿ, ಹೇಳಿಕೊಳ್ಳುವಂಥ ಗಾಳಿಯೂ ಇಲ್ಲದ ಒಂದು ಬೆಳಿಗ್ಗೆ, ತೊಡೆಯಷ್ಟು ದಪ್ಪವಾಗಿದ್ದ ಅಂಥದೊಂದು ಚಿಗುರುಕೊಂಬೆ ಸೀಳಿಕೊಂಡು ಬಿಸಿಯೂಟದ ಅಡುಗೆಕೋಣೆಯ ಮೇಲೆ ಬಿತ್ತು. ಅಂದು ಭಾನುವಾರ, ಒಳಗೆ ಯಾರೂ ಇರಲಿಲ್ಲ. ಬಿದ್ದ ಕೊಂಬೆಯ ಬುಡವನ್ನು ನೋಡಿದೆ. ನಾನು ಕೊಯ್ದ ಮೋಟು ಒಳಗೆಲ್ಲ ಕೊಳೆತು ಹುಡಿಯಾಗಿತ್ತು; ಹೊಸ ಕೊಂಬೆ ಹೊರಗಿನ ತೆಳುವಾದ ಪದರಕ್ಕೆ ಮಾತ್ರ ಅಂಟಿಕೊಂಡಿತ್ತು.

ಹೀಗೇಕಾಯಿತು ಎಂಬುದನ್ನು ತಿಳಿಯಲು ಮರದ ಸ್ವಭಾವವನ್ನು ಅರಿಯಬೇಕು. ನಮ್ಮ ಮೈಯ ಗಾಯ ಮಾಯುತ್ತದೆ. ಮರದ ಗಾಯ ಮಾಯುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಸಸ್ಯರೋಗ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸರಪಳಿ ಗರಗಸದಿಂದ ಉದ್ದುದ್ದ ಸೀಳಿ ಒಳಗಿನ ಕೊಳೆತದ ಜಾಡನ್ನು ಅಭ್ಯಾಸ ಮಾಡಿದವರು. ಮರವು ಕೊಳೆತ ಭಾಗವನ್ನು ಸರಿಪಡಿಸುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಹಾಕುತ್ತದೆ ಎಂಬ ವಿವರಣೆಯನ್ನು ಅವರು 1977ರಲ್ಲಿ ಪ್ರಕಟಿಸಿದರು. ಇಂದಿನ ವೃಕ್ಷಪಾಲನೆ ಬಹುಪಾಲು ಈ ತಿಳಿವಳಿಕೆಯ ಮೇಲೆ ನಿಂತಿದೆ. ಕೊಂಬೆಯು ಕಾಂಡವನ್ನು ಸೇರುವಲ್ಲಿ ಬಳೆಯಂಥ ಒಂದು ಉಬ್ಬು ಇರುತ್ತದೆ. ಗೋಡೆ ಕಟ್ಟುವ ಶಕ್ತಿ ಅಲ್ಲಿ ಹೆಚ್ಚು. ಆದುದರಿಂದ ಉಬ್ಬನ್ನು ಉಳಿಸಿ, ಅದರ ಹೊರಗಂಚಿನಲ್ಲಿ ಕೊಯ್ಯಬೇಕು. ಉಬ್ಬನ್ನೇ ಸವರಿ ಕಾಂಡಕ್ಕೆ ಸಮವಾಗಿ ಕೊಯ್ದರೆ ಕಾಂಡಕ್ಕೇ ಗಾಯ. ಉದ್ದ ಮೋಟು ಬಿಟ್ಟರೆ ಅದು ಸತ್ತು ಕೊಳೆತಕ್ಕೆ ದಾರಿಯಾಗುತ್ತದೆ.

ಭಾರವಾದ ಕೊಂಬೆಗೆ ಮೂರು ಕೊಯ್ತಗಳು ಬೇಕು. ಕಾಂಡದಿಂದ ಸುಮಾರು ಒಂದು ಅಡಿ ಆಚೆ ಅಡಿಭಾಗದಿಂದ ಮೂರನೆಯ ಒಂದರಷ್ಟು ಆಳಕ್ಕೆ ಮೊದಲನೆಯದು. ಅದಕ್ಕಿಂತ ತುಸು ಆಚೆ ಮೇಲಿನಿಂದ ಎರಡನೆಯದು. ಕೊಂಬೆ ತೊಗಟೆಯನ್ನು ಸುಲಿಯದೆ ಬೀಳುತ್ತದೆ. ಉಳಿದ ಮೋಟನ್ನು ಉಬ್ಬಿನ ಅಂಚಿನಲ್ಲಿ ತೆಗೆಯುವುದು ಮೂರನೆಯದು. ಗಾಯಕ್ಕೆ ಡಾಂಬರನ್ನೋ ಬಣ್ಣವನ್ನೋ ಬಳಿಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಅದರಿಂದ ಕೊಳೆತ ತಡೆಯುವುದಿಲ್ಲ. ನೋಡುವವರ ಮನಸ್ಸಿಗೆ ಮಾತ್ರ ಸಮಾಧಾನ.

ಮರವನ್ನು ನೋಡುವ ಕೆಲಸದಲ್ಲಿ ನನಗಿಂತ ನಿಮಗೇ ಅನುಕೂಲ ಹೆಚ್ಚು. ನಾನು ಮರವನ್ನು ಒಂದು ಗಂಟೆ ನೋಡುತ್ತೇನೆ, ನೀವು ವರ್ಷವಿಡೀ ನೋಡುತ್ತೀರಿ. ಬುಡದಲ್ಲಿ ಹಲಗೆಯಂಥ ಗಟ್ಟಿ ಅಣಬೆ ಮೂಡಿದೆಯೆ? ಅದು ಬುಡ ಅಥವಾ ಬೇರು ಕೊಳೆಯುತ್ತಿರುವುದರ ಲಕ್ಷಣ. ಇದನ್ನು ಕಂಡರೆ ತಡಮಾಡಬೇಡಿ. ಒಂದು ಪಾರ್ಶ್ವದ ಮಣ್ಣು ಬಿರುಕುಬಿಟ್ಟು ಮೇಲೆದ್ದಿದೆಯೆ? ಕಳೆದ ವರ್ಷ ನೆಟ್ಟಗಿದ್ದ ಮರ ಈ ವರ್ಷ ವಾಲಿದೆಯೆ? ಎರಡು ಕವಲುಗಳು ಇಕ್ಕಟ್ಟಾಗಿ ಸೇರಿ ನಡುವೆ ತೊಗಟೆ ಸಿಕ್ಕಿಕೊಂಡಿದೆಯೆ? ಅಂಥ ಕವಲು ಗಾಳಿಗೆ ಸೀಳುವ ಸಂಭವ ಹೆಚ್ಚು. ಪೊಟರೆಯಿದ್ದ ಮಾತ್ರಕ್ಕೆ ಮರ ಅಪಾಯಕಾರಿಯೆಂದು ತೀರ್ಮಾನಿಸಬೇಡಿ. ಸುತ್ತಲೂ ಸಾಕಷ್ಟು ಗಟ್ಟಿ ಮರವುಳಿದಿದ್ದರೆ ಟೊಳ್ಳಾದ ಕಾಂಡವೂ ಬಹುಕಾಲ ನಿಲ್ಲುತ್ತದೆ. ಗೂಬೆ, ಗಿಳಿಗಳ ಸಂಸಾರವೂ ಅದರೊಳಗೆ ನಡೆಯುತ್ತದೆ.

ಇನ್ನೊಂದು ಮಾತನ್ನು ಕಹಿಯಾದರೂ ಹೇಳಬೇಕು. ಗಾಳಿಗೆ ಬುಡಮೇಲಾದ ಶಾಲಾ ಮರಗಳಲ್ಲಿ ನಾನು ಕಂಡ ಹಲವಕ್ಕೆ ಬೇರು ಕಡಿದಿದ್ದರು. ನೀರು ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಎರಡಡಿ ಮಣ್ಣಿನಲ್ಲೇ, ಮರದ ನೆರಳಿಗಿಂತ ಆಚೆಗೂ ಹಬ್ಬಿರುತ್ತವೆ. ಪೈಪಿಗಾಗಿ, ಆವರಣ ಗೋಡೆಗಾಗಿ ಜೆಸಿಬಿಯಿಂದ ಬುಡದ ಬಳಿ ಚರಂಡಿ ತೋಡಿದ ಮೇಲೆ ಕೆಲವು ವರ್ಷ ಏನೂ ಕಾಣುವುದಿಲ್ಲ. ಬಳಿಕ ಮರ ಬೀಳುತ್ತದೆ, ದೂರು ಗಾಳಿಯ ಮೇಲೆ ಹೋಗುತ್ತದೆ.

ಈಗ ಯಂತ್ರಗಳ ವಿಚಾರ. ಕೈಯಳತೆಗೆ ಸಿಗುವ, ಮಣಿಕಟ್ಟಿನಷ್ಟು ದಪ್ಪದ ಕೊಂಬೆಗೆ ಬಾಗಿದ ಕೈಗರಗಸ ಸಾಕು. ಶಾಲೆಗಳು ತಾವೇ ಇಟ್ಟುಕೊಳ್ಳಬಹುದಾದ ಸಾಧನ ಅದೊಂದೇ ಎಂಬುದು ನನ್ನ ಅಭಿಪ್ರಾಯ. ಚೈನ್‌ಸಾ, ಅಂದರೆ ಸರಪಳಿ ಗರಗಸವನ್ನು ಶಾಲೆ ಕೊಳ್ಳಬೇಕಾಗಿಲ್ಲ. ಆದರೆ ಅಂಗಳಕ್ಕೆ ತಂದವನ ಕೈಯಲ್ಲಿ ಯಾವುದಿದೆ ಎಂದು ನೋಡಲು ನಿಮಗೆ ತಿಳಿದಿರಬೇಕು. ಮರದ ಮೇಲೆ ಬಳಸುವುದಕ್ಕೆ ಹಿಡಿ ಮೇಲ್ಭಾಗದಲ್ಲಿರುವ ಚಿಕ್ಕ ಗರಗಸವಿದೆ. ತೂಕ ಮೂರು ನಾಲ್ಕು ಕಿಲೋ. ಇದು ನುರಿತ ಏರುಗಾರರಿಗೆ ಮಾತ್ರ. ನೆಲದ ಮೇಲಿನ ಸಾಮಾನ್ಯ ಕೆಲಸಕ್ಕೆ 40ರಿಂದ 50 ಸಿ.ಸಿ. ಎಂಜಿನ್, 40 ಸೆಂ.ಮೀ. ಅಲಗು ಬಹುಮಟ್ಟಿಗೆ ಸಾಕಾಗುತ್ತದೆ. ಅದಕ್ಕಿಂತ ದೊಡ್ಡದು ಹೆಮ್ಮರದ ಕಾಂಡಕ್ಕೆ. ಅಂಥದನ್ನು ಹೊತ್ತು ಮರವೇರುವವನನ್ನು ಕಂಡರೆ, ನನ್ನ ಹದಿನೆಂಟು ವರ್ಷದ ಹಿಂದಿನ ಕಥೆಯನ್ನು ನೆನಪಿಸಿಕೊಳ್ಳಿ.

ಗಾತ್ರಕ್ಕಿಂತ ಮುಖ್ಯವಾದುದು ಬ್ರೇಕು. ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಅಲಗಿನ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಇಡೀ ಗರಗಸ ಥಟ್ಟನೆ ಕೆಲಸಗಾರನ ಮುಖದ ಕಡೆಗೆ ಚಿಮ್ಮುತ್ತದೆ. ಆ ಗಳಿಗೆಯಲ್ಲಿ ಸರಪಳಿಯನ್ನು ನಿಲ್ಲಿಸುವುದು ಮುಂಗೈಯ ಮುಂದಿರುವ ಬ್ರೇಕಿನ ಹಲಗೆ. ಅಗ್ಗದ ಯಂತ್ರಗಳಲ್ಲಿ ಅದು ಸಡಿಲವಾಗಿರುವುದನ್ನೂ ಮುರಿದುಹೋಗಿರುವುದನ್ನೂ ಕಂಡಿದ್ದೇನೆ. ‘ಬ್ರೇಕು ತೋರಿಸಿ’ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಹರಿತವಾದ ಸರಪಳಿಯಿಂದ ದಪ್ಪ ಚಕ್ಕೆಗಳು ಉದುರುತ್ತವೆ. ಹಿಟ್ಟಿನಂಥ ಹುಡಿ ಬಂದರೆ ಅದು ಮೊಂಡಾಗಿದೆ ಎಂದರ್ಥ. ಮೊಂಡ ಗರಗಸವನ್ನು ಒತ್ತಿ ಒತ್ತಿ ಕೊಯ್ಯುವವನು ಬೇಗ ದಣಿಯುತ್ತಾನೆ; ದಣಿದ ಕೈ ತಪ್ಪುತ್ತದೆ.

ಪೆಟ್ರೋಲೋ ಬ್ಯಾಟರಿಯೋ ಎಂದು ಈಚೆಗೆ ಕೇಳುವವರಿದ್ದಾರೆ. ಪೆಟ್ರೋಲ್ ಗರಗಸದ ಸದ್ದು 100 ಡೆಸಿಬೆಲ್ ಮೀರುತ್ತದೆ, ಹೊಗೆಯೂ ಇದೆ. ಬ್ಯಾಟರಿಯದು ಹೊಗೆಯಿಲ್ಲದೆ, ಕಡಿಮೆ ಸದ್ದಿನಲ್ಲಿ, ಗುಂಡಿ ಒತ್ತಿದೊಡನೆ ಓಡುತ್ತದೆ. ಮೇಲಿದ್ದವನಿಗೆ ಕೆಳಗಿನವರ ಕೂಗು ಕೇಳಿಸುವುದು ಅದರ ದೊಡ್ಡ ಉಪಕಾರ. ಆದರೆ ಚಾರ್ಜು ಬೇಗ ಮುಗಿಯುತ್ತದೆ, ಬೆಲೆಯೂ ಹೆಚ್ಚು. ನಾನು ಮೇಲೆ ಬ್ಯಾಟರಿಯದನ್ನೂ ಕೆಳಗೆ ಪೆಟ್ರೋಲಿನದನ್ನೂ ಬಳಸುತ್ತೇನೆ. ಕೊಳ್ಳುವಾಗ ಮಾತ್ರ ಮಾರುವವನ ಮಾತಿಗಿಂತ, ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೆ ಎಂಬುದನ್ನು ನೋಡಿದೆ. ಮಳೆಗಾಲದ ನಡುವೆ ಒಂದು ಚಿಕ್ಕ ಬಿಡಿಭಾಗಕ್ಕಾಗಿ ಮೂರು ವಾರ ಕಾದು ಕಲಿತ ಬುದ್ಧಿ ಅದು.

ಕೆಲಸಗಾರನು ಶಿರಸ್ತ್ರಾಣ, ಕಣ್ಣು ಕಿವಿಗಳ ರಕ್ಷಣೆ, ಗಟ್ಟಿ ಬೂಟು, ಕಾಲಿಗೆ ಕೊಯ್ತ ತಡೆಯುವ ಉಡುಪು ತೊಟ್ಟಿರಬೇಕು. ಲುಂಗಿ ಉಟ್ಟು ಬರಿಗಾಲಲ್ಲಿ ಬರುವವರ ಧೈರ್ಯವನ್ನು ಮೆಚ್ಚುವ ಕಾಲ ಹೋಯಿತು. ಆದರೆ ಆ ಉಡುಪಿನ ಬೆಲೆ ಅವನ ಕೂಲಿಯಲ್ಲಿ ಸೇರಿರುತ್ತದೆ ಎಂಬುದನ್ನು, ಅತಿ ಕಡಿಮೆ ದರದವನನ್ನು ಆರಿಸುವಾಗ ಶಾಲಾ ಸಮಿತಿ ಯೋಚಿಸಬೇಕು. ತಂತಿಯ ಹತ್ತಿರದ ಮರಕ್ಕೆ ವಿದ್ಯುತ್ ಮಂಡಳಿಯವರು ಬಂದು ಲೈನ್ ಕಡಿತಗೊಳಿಸದೆ ಕೈಹಾಕಬಾರದು. ಸರ್ಕಾರಿ ಶಾಲೆಯ ಮರವಾದರೆ ಪಂಚಾಯತಿನ ಹಾಗೂ ಇಲಾಖೆಯ ಅನುಮತಿ ಬೇಕು. ಅರ್ಜಿಯನ್ನು ಮೇ ಕೊನೆಗಲ್ಲ, ಜನವರಿಯಲ್ಲೇ ಕೊಡಿ.

ಮಕ್ಕಳಿಗೂ ಇದರಲ್ಲಿ ಪಾಠವಿದೆ. ಕಣ್ಣಿನಿಂದ ಚಾಚಿದ ಮುಷ್ಟಿಯವರೆಗಿನ ಅಳತೆಯ ಕೋಲೊಂದನ್ನು, ಮುಷ್ಟಿಯ ಮೇಲೆ ಅಷ್ಟೂ ಉದ್ದ ಕಾಣುವಂತೆ ನೆಟ್ಟಗೆ ಹಿಡಿದು, ಕೋಲಿನ ಬುಡವೂ ತುದಿಯೂ ಮರದ ಬುಡ ತುದಿಗಳಿಗೆ ಸರಿಹೊಂದುವವರೆಗೆ ಹಿಂದಕ್ಕೆ ನಡೆಯಲಿ. ನಿಂತಲ್ಲಿಂದ ಮರದವರೆಗಿನ ದೂರವೇ ಸುಮಾರಾಗಿ ಮರದ ಎತ್ತರ. ಮರ ಕಡಿಯುವ ದಿನ ಅದರ ಎರಡರಷ್ಟು ದೂರದೊಳಗೆ ಕೆಲಸಗಾರರಲ್ಲದೆ ಯಾರೂ ನಿಲ್ಲಬಾರದು. ಇನ್ನೊಂದು ಲೆಕ್ಕ: ಸುತ್ತಳತೆ 94 ಸೆಂ.ಮೀ. ಇರುವ, 3 ಮೀಟರ್ ಉದ್ದದ ಹಸಿ ಕೊಂಬೆಯ ತೂಕವೆಷ್ಟು? ವ್ಯಾಸ 30 ಸೆಂ.ಮೀ., ಘನಫಲ ಸುಮಾರು 0.21 ಘನಮೀಟರ್, ತೂಕ ಹತ್ತಿರ ಹತ್ತಿರ 200 ಕಿಲೋ. ನಾಲ್ಕು ಮೂಟೆ ಸಿಮೆಂಟು ತಲೆಯ ಮೇಲೆ ತೂಗುತ್ತಿದೆ ಎಂದರೆ ಏಳನೆಯ ತರಗತಿಯ ಮಗು ಆ ಕೊಂಬೆಯ ಕೆಳಗೆ ನಿಲ್ಲಲಾರದು.

ಚಹಾದ ಬಳಿಕ ಬಾವಿಯ ಪಕ್ಕದ ಹಲಸಿನ ಮರದ ಬಳಿ ಸೇರೋಣ. ಅದರ ಪಶ್ಚಿಮದ ಕೊಂಬೆಯ ಮೇಲೆ ಹಳೆಯ ಕೊಯ್ತದ ಗುರುತೊಂದಿದೆ. ಕೊಯ್ದವನು ಉಬ್ಬನ್ನು ಉಳಿಸಿದ್ದಾನೆಯೆ ಇಲ್ಲವೆ ಎಂಬುದನ್ನು ನೀವೇ ನೋಡಿ ಹೇಳಬೇಕು.