ಸಮಮಿತಿ, ಸಮಮಿತಿ ಭಂಗ, ಅಸಂಗತತೆ: ನಿಯಮಗಳನ್ನು ಬೋಧಿಸುವ ಬಗೆ

(ತೊಪ್ಪೂರಿನಲ್ಲಿ ಕನ್ನಡ ಮಾಧ್ಯಮದ ವಿಜ್ಞಾನ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಪಾಠ)



ಪ್ರೌಢಶಾಲೆಯ ವಿಜ್ಞಾನ ಪಾಠಗಳಲ್ಲಿ ‘ಸಂರಕ್ಷಣಾ ನಿಯಮ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲಾಗದು; ಒಟ್ಟು ಸಂವೇಗ ಬದಲಾಗದು; ಒಟ್ಟು ವಿದ್ಯುದಾವೇಶ ಬದಲಾಗದು. ಮಕ್ಕಳು ಇವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಜಾಣೆಯೊಬ್ಬಳು ಎದ್ದುನಿಂತು, “ಏಕೆ ಬದಲಾಗದು? ಎಂದೆಂದಿಗೂ ಬದಲಾಗದೆಂದು ನೋಡಿದವರು ಯಾರು?” ಎಂದು ಕೇಳಿದರೆ, “ಅದು ನಿಯಮ, ಬರೆದುಕೋ” ಎಂಬ ಉತ್ತರ ಸಾಲದು. ಆ ಪ್ರಶ್ನೆಗೆ ಭೌತವಿಜ್ಞಾನವು ಕಳೆದ ನೂರು ವರ್ಷಗಳಲ್ಲಿ ಕೊಟ್ಟ ಉತ್ತರದ ಸಾರಾಂಶವೇ ಈ ಉಪನ್ಯಾಸದ ವಿಷಯ.

ಸಮಮಿತಿ ಎಂದರೇನು?

ಮನೆಯಂಗಳದ ರಂಗೋಲಿಯನ್ನು ಕಾಲು ಸುತ್ತು ತಿರುಗಿಸಿ ನೋಡಿದರೂ ಅದೇ ರೂಪ ಕಂಡರೆ ಅದಕ್ಕೆ ಸಮಮಿತಿಯಿದೆ ಎನ್ನುತ್ತೇವೆ. ಬದಲಾಯಿಸಿದರೂ ಬದಲಾಗದೆ ಉಳಿಯುವುದೇ ಸಮಮಿತಿ. ಪ್ರಕೃತಿಯ ನಿಯಮಗಳಿಗೂ ಇಂತಹ ಗುಣವಿದೆ. ಇಂದು ಮಾಡಿದ ಪ್ರಯೋಗವನ್ನು ನಾಳೆ ಮಾಡಿದರೂ ನಿಯಮ ಒಂದೇ. ಸೇಲಂನಲ್ಲಿ ಮಾಡಿದ್ದನ್ನು ಧರ್ಮಪುರಿಯಲ್ಲಿ ಮಾಡಿದರೂ ನಿಯಮ ಒಂದೇ. ಜರ್ಮನಿಯ ಗಣಿತಜ್ಞೆ ಎಮ್ಮಿ ನೋದರ್ 1918ರಲ್ಲಿ ಪ್ರಕಟಿಸಿದ ಪ್ರಮೇಯವು ಇದಕ್ಕೊಂದು ಆಳವಾದ ಅರ್ಥವನ್ನು ನೀಡಿತು. ಇಂತಹ ನಿರಂತರ ಸಮಮಿತಿ ಒಂದೊಂದಕ್ಕೂ ಒಂದೊಂದು ಸಂರಕ್ಷಣಾ ನಿಯಮ ಜೊತೆಗೂಡಿರುತ್ತದೆ. ಕಾಲ ಸರಿದರೂ ನಿಯಮ ಬದಲಾಗದಿರುವುದರಿಂದ ಶಕ್ತಿ ಉಳಿಯುತ್ತದೆ. ಸ್ಥಳ ಸರಿದರೂ ನಿಯಮ ಬದಲಾಗದಿರುವುದರಿಂದ ಸಂವೇಗ ಉಳಿಯುತ್ತದೆ. ಜಾಣೆಯ ‘ಏಕೆ’ ಎಂಬ ಪ್ರಶ್ನೆಗೆ ಇದು ಮೊದಲ ಉತ್ತರ. ಹಾಗಾದರೆ ಮುಂದಿನ ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಸಮಮಿತಿಯೇ ಮುರಿದರೆ?

ಮುರಿಯುವ ಬಗೆಗಳು

ಸಮಮಿತಿ ಮೂರು ಬಗೆಯಲ್ಲಿ ಮುರಿಯಬಹುದು. ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸುವುದು ಅವಶ್ಯಕ.

ಮೊದಲನೆಯದು, ನಿಯಮದಲ್ಲಿಯೇ ಸಮಮಿತಿ ಇಲ್ಲದಿರುವುದು. ಕನ್ನಡಿಯಲ್ಲಿ ಕಾಣುವ ಜಗತ್ತೂ ಇದೇ ನಿಯಮಗಳಿಂದ ನಡೆಯುತ್ತದೆಂದು ಬಹುಕಾಲ ನಂಬಲಾಗಿತ್ತು. ದುರ್ಬಲ ಬಲದ ವಿಷಯದಲ್ಲಿ ಇದಕ್ಕೆ ಪುರಾವೆಯೇ ಇಲ್ಲವೆಂದು ಲೀ ಮತ್ತು ಯಾಂಗ್ 1956ರಲ್ಲಿ ತೋರಿಸಿದರು. ವೂ ಎಂಬ ವಿಜ್ಞಾನಿಯು ಕೋಬಾಲ್ಟ್-60 ಪರಮಾಣುಗಳನ್ನು ಅತಿಶೀತದಲ್ಲಿ ಒಂದೇ ದಿಕ್ಕಿಗೆ ನಿಲ್ಲಿಸಿ ನೋಡಿದಾಗ, ಹೊರಬಂದ ಎಲೆಕ್ಟ್ರಾನುಗಳು ಎರಡೂ ಕಡೆಗೆ ಸಮನಾಗಿ ಹೋಗದೆ ಒಂದು ಕಡೆಗೇ ಹೆಚ್ಚಾಗಿ ಹೋದವು. ಪ್ರಕೃತಿಯು ಎಡ ಬಲಗಳಲ್ಲಿ ಭೇದವೆಣಿಸುತ್ತದೆಂದು ಸ್ಪಷ್ಟವಾಯಿತು. ಈ ಭೇದಕ್ಕೆ ಸರಿಯಾದ ಗಣಿತರೂಪವನ್ನು 1957ರಲ್ಲಿ ಕಟ್ಟಿಕೊಟ್ಟವರಲ್ಲಿ ಕೇರಳದ ಕೋಟ್ಟಯಂ ಜಿಲ್ಲೆಯಲ್ಲಿ ಹುಟ್ಟಿ ಮದ್ರಾಸಿನಲ್ಲಿ ಓದಿದ ಇ.ಸಿ.ಜಿ. ಸುದರ್ಶನ್ ಒಬ್ಬರು, ಅವರೊಡನೆ ಮಾರ್ಷಕ್ ದುಡಿದರು.

ಎರಡನೆಯದು, ನಿಯಮದಲ್ಲಿ ಸಮಮಿತಿ ಇದ್ದು, ಸ್ಥಿತಿಯಲ್ಲಿ ಕಾಣದಿರುವುದು. ಇದಕ್ಕೆ ತೊಪ್ಪೂರು ಘಟ್ಟದ ಹೆದ್ದಾರಿಯೇ ಉದಾಹರಣೆ. ವಾಹನವು ರಸ್ತೆಯ ಎಡಕ್ಕೇ ಹೋಗಬೇಕೆಂದು ಪ್ರಕೃತಿಯಲ್ಲಿ ಯಾವ ಕಟ್ಟಳೆಯೂ ಇಲ್ಲ. ಯಂತ್ರಕ್ಕೆ, ಗಾಲಿಗೆ, ಇಳಿಜಾರಿಗೆ ಎಡವೂ ಬಲವೂ ಒಂದೇ. ಹಲವು ದೇಶಗಳಲ್ಲಿ ಬಲಕ್ಕೆ ಹೋಗುತ್ತಾರೆ. ಆದರೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಲೇಬೇಕು. ಆರಿಸಿಕೊಂಡ ಮೇಲೆ ಎಲ್ಲರೂ ಅದರಂತೆ ನಡೆಯಲೇಬೇಕು. ಇಲ್ಲವಾದರೆ ಆ ಇಳಿಜಾರಿನಲ್ಲಿ ಏನಾಗುವುದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಇಂತಹುದಕ್ಕೆ ‘ಸ್ವಯಂಪ್ರೇರಿತ ಸಮಮಿತಿ ಭಂಗ’ ಎಂದು ಹೆಸರು. ಕಣಭೌತದಲ್ಲಿ ಈ ವಿಚಾರವನ್ನು 1960ರ ಸುಮಾರಿಗೆ ನೆಲೆಗೊಳಿಸಿದ ಯೋಯಿಚಿರೊ ನಂಬು ಅವರಿಗೆ 2008ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. 2012ರಲ್ಲಿ ಪತ್ತೆಯಾದ ಹಿಗ್ಸ್ ಕಣವೂ ಇದೇ ವಿಚಾರದ ಫಲ.

ಮೂರನೆಯದೇ ‘ಅಸಂಗತತೆ’. ಹಳೆಯ ಭೌತವಿಜ್ಞಾನದ ಲೆಕ್ಕದಲ್ಲಿ ಸಮಮಿತಿ ಪೂರ್ಣವಾಗಿರುತ್ತದೆ. ಅದೇ ಸಮೀಕರಣವನ್ನು ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಪ್ರಕಾರ ಬಿಡಿಸಿದೊಡನೆ ಆ ಸಮಮಿತಿ ಉಳಿಯುವುದಿಲ್ಲ. ಯಾರೂ ಮುರಿದಿಲ್ಲ, ಯಾವ ಆಯ್ಕೆಯೂ ನಡೆದಿಲ್ಲ, ಆದರೂ ಇಲ್ಲವಾಗಿದೆ. ಇದು ಹೇಗೆಂಬುದನ್ನು ತುಸು ನಿಧಾನವಾಗಿ ನೋಡಬೇಕು.

ತಳವಿಲ್ಲದ ಮೆಟ್ಟಿಲು

ಅಕ್ಕಪಕ್ಕದಲ್ಲಿ ಎರಡು ಮೆಟ್ಟಿಲ ಸಾಲುಗಳಿವೆ ಎಂದು ಭಾವಿಸೋಣ. ಒಂದು ಬಲಕ್ಕೆ ಚಲಿಸುವ ಕಣಗಳದು, ಇನ್ನೊಂದು ಎಡಕ್ಕೆ ಚಲಿಸುವ ಕಣಗಳದು. ಕಣಗಳಿಗೆ ದ್ರವ್ಯರಾಶಿ ಇಲ್ಲ. ಬಲದ ಕಣ ಎಡದ ಕಣವಾಗಲಾರದು. ಆದುದರಿಂದ ಎರಡು ಸಾಲುಗಳ ಎಣಿಕೆಯೂ ಪ್ರತ್ಯೇಕವಾಗಿ ಸ್ಥಿರವಾಗಿರಬೇಕು. ಹಳೆಯ ಲೆಕ್ಕ ಹೀಗೆ ಹೇಳುತ್ತದೆ.

ಕ್ವಾಂಟಂ ಸಿದ್ಧಾಂತದಲ್ಲಿ ಡಿರಾಕ್ ತೋರಿಸಿದಂತೆ, ‘ನಿರ್ವಾತ’ ಎಂದರೆ ಬರಿದಲ್ಲ. ನೆಲದ ಮಟ್ಟಕ್ಕಿಂತ ಕೆಳಗಿನ ಎಲ್ಲ ಮೆಟ್ಟಿಲುಗಳ ಮೇಲೂ ಒಂದೊಂದು ಕಣ ನಿಂತಿದೆ ಎಂದು ಚಿತ್ರಿಸಿಕೊಳ್ಳಬಹುದು. ಈ ಮೆಟ್ಟಿಲುಗಳಿಗೆ ತಳವೇ ಇಲ್ಲ. ಈಗ ವಿದ್ಯುತ್ ಕ್ಷೇತ್ರವನ್ನು ಹಚ್ಚಿದರೆ ಬಲಸಾಲಿನವರೆಲ್ಲ ಒಂದು ಮೆಟ್ಟಿಲು ಮೇಲೇರುತ್ತಾರೆ, ಎಡಸಾಲಿನವರೆಲ್ಲ ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ. ಬಲಸಾಲಿನಲ್ಲಿ ನೆಲದ ಮೇಲೆ ಒಂದು ಕಣ ಕಾಣಿಸಿಕೊಂಡಿತು. ಎಡಸಾಲಿನಲ್ಲಿ ನೆಲದ ಕೆಳಗೆ ಒಂದು ಮೆಟ್ಟಿಲು ತೆರವಾಯಿತು. ಆ ತೆರವೇ ಪ್ರತಿಕಣ. ಹೊಸಬರು ಯಾರೂ ಬರಲಿಲ್ಲ, ಯಾರೂ ಸಾಲು ಬದಲಿಸಲಿಲ್ಲ. ಮೆಟ್ಟಿಲಿಗೆ ತಳವಿದ್ದಿದ್ದರೆ ಲೆಕ್ಕದ ವ್ಯತ್ಯಾಸ ಆ ತಳದಲ್ಲಿ ಸಿಕ್ಕಿಬೀಳುತ್ತಿತ್ತು. ತಳವಿಲ್ಲದಿರುವುದರಿಂದ ಬಲದಲ್ಲಿ ಒಂದು ಹೆಚ್ಚು, ಎಡದಲ್ಲಿ ಒಂದು ಕಡಿಮೆ. ಎರಡರ ಮೊತ್ತ ಬದಲಾಗಲಿಲ್ಲ, ಆದುದರಿಂದ ವಿದ್ಯುದಾವೇಶ ಉಳಿಯಿತು. ಎರಡರ ಅಂತರ ಮಾತ್ರ ಉಳಿಯಲಿಲ್ಲ. ಅಸಂಗತತೆಯ ಹುರುಳು ಇಷ್ಟೇ: ಅನಂತವಾದುದನ್ನು ಎಣಿಸುವಾಗ ಎರಡು ಸಂರಕ್ಷಣೆಗಳನ್ನು ಒಟ್ಟಿಗೆ ಕಾಯಲಾಗದು, ಒಂದನ್ನು ಕಾದರೆ ಇನ್ನೊಂದನ್ನು ಬಿಡಬೇಕು.

ಇದು ಬರಿಯ ಊಹೆಯಲ್ಲ. ಆವೇಶವಿಲ್ಲದ ಪಯಾನ್ ಕಣವು ಎರಡು ಫೋಟಾನುಗಳಾಗಿ ಒಡೆಯುತ್ತದೆ. ಹಳೆಯ ಸಮಮಿತಿ ಪೂರ್ಣವಾಗಿ ನಿಂತಿದ್ದರೆ ಈ ಕ್ರಿಯೆ ಬಹುಮಟ್ಟಿಗೆ ನಡೆಯಲೇಬಾರದಿತ್ತು. ಆದರೆ ಅದು ಅತಿ ವೇಗವಾಗಿ ನಡೆಯುತ್ತದೆ. 1969ರಲ್ಲಿ ಆಡ್ಲರ್ ಒಂದೆಡೆ, ಬೆಲ್ ಮತ್ತು ಜಾಕೀವ್ ಇನ್ನೊಂದೆಡೆ, ಅಸಂಗತತೆಯೇ ಇದಕ್ಕೆ ಕಾರಣವೆಂದು ತೋರಿಸಿದರು. ಕ್ವಾರ್ಕ್‌ಗಳಿಗೆ ಮೂರು ‘ಬಣ್ಣ’ಗಳಿವೆ ಎಂದು ಸೇರಿಸಿ ಎಣಿಸಿದಾಗ ಮಾತ್ರ ಲೆಕ್ಕವು ಅಳತೆಗೆ ಹೊಂದುತ್ತದೆ.

ಕರಿಹಲಗೆಯ ಮೇಲೆ ಒಂದು ಕೂಡುವ ಲೆಕ್ಕ

ಪಯಾನಿನ ವಿಷಯದಲ್ಲಿ ಅಸಂಗತತೆ ನಿರಪಾಯಕಾರಿ. ಆದರೆ ಬಲಗಳನ್ನೇ ಹೊತ್ತ ಸಮಮಿತಿಗಳಲ್ಲಿ ಅದು ಉಳಿದುಬಿಟ್ಟರೆ ಸಿದ್ಧಾಂತವೇ ಕುಸಿಯುತ್ತದೆ. ಅಲ್ಲಿ ಎಲ್ಲ ಕಣಗಳ ಕೊಡುಗೆಗಳೂ ಒಂದನ್ನೊಂದು ಅಳಿಸಿ ಸೊನ್ನೆಯಾಗಬೇಕು. ಅದರ ಒಂದು ಷರತ್ತನ್ನು ಎಂಟನೆಯ ತರಗತಿಯ ಮಕ್ಕಳೂ ಪರಿಶೀಲಿಸಬಲ್ಲರು. ಎಲೆಕ್ಟ್ರಾನಿನ ಆವೇಶ −1, ನ್ಯೂಟ್ರಿನೋದ್ದು 0. ‘ಅಪ್’ ಕ್ವಾರ್ಕಿನದು 2/3. ಮೂರು ಬಣ್ಣಗಳಿಗೆ ಒಟ್ಟು 2. ‘ಡೌನ್’ ಕ್ವಾರ್ಕಿನದು −1/3. ಮೂರು ಬಣ್ಣಗಳಿಗೆ ಒಟ್ಟು −1. ಎಲ್ಲವನ್ನೂ ಕೂಡಿದರೆ: −1 + 0 + 2 − 1 = 0. ಎಲೆಕ್ಟ್ರಾನ್ ಒಂದು ಬಗೆ, ಕ್ವಾರ್ಕ್ ಇನ್ನೊಂದು ಬಗೆ. ಆದರೂ ಒಂದರ ಆವೇಶಕ್ಕೆ ಇನ್ನೊಂದು ಲೆಕ್ಕ ಕೊಡಬೇಕಾಗಿದೆ. 1977ರಲ್ಲಿ ‘ಬಾಟಮ್’ ಕ್ವಾರ್ಕ್ ಸಿಕ್ಕಾಗ ಅದಕ್ಕೊಂದು ಜೊತೆ ಇರಲೇಬೇಕೆಂದು ನಿರೀಕ್ಷಿಸಲು ಇಂತಹ ಲೆಕ್ಕವೂ ಒಂದು ಆಧಾರವಾಗಿತ್ತು. ಆ ಜೊತೆ 1995ರಲ್ಲಿ ಸಿಕ್ಕಿತು. ಭಿನ್ನರಾಶಿಗಳನ್ನು ಕೂಡುವ ಪಾಠಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ.

ಕೋಲಾರದ ಗಣಿಯಲ್ಲಿ

ಈ ವಿಚಾರಗಳೆಲ್ಲ ದೂರದೇಶದವೆಂದು ಭಾವಿಸಬೇಕಾಗಿಲ್ಲ. ಕೃಷ್ಣಗಿರಿಯನ್ನು ದಾಟಿ ಗಡಿಯಾಚೆ ಹೋದರೆ ಸಿಗುವ ಕೋಲಾರ ಚಿನ್ನದ ಗಣಿಯಲ್ಲಿಯೇ ಇಂತಹ ಒಂದು ಸಂರಕ್ಷಣಾ ನಿಯಮದ ಪರೀಕ್ಷೆ ನಡೆಯಿತು. ಇಲ್ಲಿ ತಮಿಳುನಾಡಿನೊಳಗೆ ಕನ್ನಡದ ಶಾಲೆಗಳಿರುವಂತೆ, ಅಲ್ಲಿ ಕರ್ನಾಟಕದೊಳಗೆ ತಮಿಳು ಮಾತನಾಡುವ ಕಾರ್ಮಿಕರ ಊರು.

ನಂಜನಗೂಡಿನಲ್ಲಿ ಹುಟ್ಟಿ, ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಆ ಗಣಿಯ ಬೇರೆಬೇರೆ ಆಳಗಳಲ್ಲಿ ವಿಶ್ವಕಿರಣಗಳನ್ನು ಅಳೆಯತೊಡಗಿದರು. ಆಳಕ್ಕಿಳಿದಂತೆ ಮೇಲಿನಿಂದ ಬರುವ ಕಣಗಳು ಬಂಡೆಯಲ್ಲಿ ಅಡಗಿ, ಸದ್ದು ಕಡಿಮೆಯಾಗುತ್ತದೆ. ಸುಮಾರು 2.3 ಕಿ.ಮೀ. ಆಳದಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಸೇರಿ 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯಲ್ಲಿಯೂ ಅವು ಕಂಡುಬಂದವು.

ಅನಂತರ ಬಂದದ್ದು ಪ್ರೋಟಾನಿನ ಪ್ರಶ್ನೆ. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಎಣಿಕೆಗೆ ಸಂಬಂಧಿಸಿದ ‘ಬೇರಿಯಾನ್ ಸಂಖ್ಯೆ’ ಬದಲಾಗದೆಂದು ನಂಬಲಾಗಿತ್ತು. ಆದರೆ ಅದು ಎಂದೆಂದಿಗೂ ಬದಲಾಗದಿದ್ದರೆ, ಪದಾರ್ಥವೂ ಪ್ರತಿಪದಾರ್ಥವೂ ಸಮನಾಗಿ ಹುಟ್ಟಿದ ವಿಶ್ವದಲ್ಲಿ ಇಂದು ಪದಾರ್ಥವೇ ಉಳಿದಿರುವುದನ್ನು ವಿವರಿಸಲಾಗದೆಂದು ಸಖರೋವ್ 1967ರಲ್ಲಿ ತೋರಿಸಿದರು. ಅಸಂಗತತೆಯಿಂದಾಗಿ ಈ ಸಂಖ್ಯೆ ಕ್ವಾಂಟಂ ಸಿದ್ಧಾಂತದಲ್ಲಿ ಕಟ್ಟುನಿಟ್ಟಾಗಿ ಉಳಿಯದೆಂದು ’ಟ್ ಹೂಫ್ಟ್ 1976ರಲ್ಲಿ ತೋರಿಸಿದರು. ಆದರೆ ಆ ದಾರಿಯಲ್ಲಿ ಬದಲಾವಣೆ ತೀರ ಅಪರೂಪ, ಒಂಟಿ ಪ್ರೋಟಾನ್ ಅದರಿಂದ ಅಳಿಯಲಾರದು. 1974ರ ಸುಮಾರಿಗೆ ಬಂದ ಏಕೀಕೃತ ಸಿದ್ಧಾಂತಗಳು ಇನ್ನೊಂದು ದಾರಿಯಲ್ಲಿ ಪ್ರೋಟಾನೇ ಅಳಿಯಬಹುದೆಂದು ಹೇಳಿದವು.

ಹಾಗೆ ಅಳಿಯುವುದನ್ನು ಕಾಯಲು 1980ರಲ್ಲಿ ಗಣಿಯ ಆಳದಲ್ಲಿ 140 ಟನ್ನಿನ ಉಪಕರಣ ನಿಂತಿತು. ಅದರ ಬಹುಭಾಗ ಕಬ್ಬಿಣ. ಕಾಯುವ ಬಗೆ ಸರಳ: ಒಂದು ಟನ್ ಪದಾರ್ಥದಲ್ಲಿ ಸುಮಾರು 6×10²⁹ ಪ್ರೋಟಾನ್ ನ್ಯೂಟ್ರಾನುಗಳಿವೆ, 140 ಟನ್ನಿನಲ್ಲಿ ಸುಮಾರು 8×10³¹. ಸರಾಸರಿ ಆಯುಷ್ಯ 10³¹ ವರ್ಷವಾದರೆ ವರ್ಷಕ್ಕೆ ಸುಮಾರು 8 ಕಣಗಳಾದರೂ ಅಳಿಯಬೇಕು. ಅಳಿವನ್ನು ಹೋಲುವ ಕೆಲವು ಘಟನೆಗಳು ಕಂಡವೆಂದು ತಂಡವು ವರದಿ ಮಾಡಿತು. ಆದರೆ ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳು ಅದನ್ನು ಸಮರ್ಥಿಸಲಿಲ್ಲ. ಜಪಾನಿನ 50,000 ಟನ್ ನೀರಿನ ತೊಟ್ಟಿಯೂ ಇದುವರೆಗೆ ಒಂದು ಅಳಿವನ್ನೂ ಖಚಿತವಾಗಿ ಕಂಡಿಲ್ಲ. ಪ್ರಮುಖವೆನಿಸಿದ ಅಳಿವಿನ ಬಗೆಗೆ ಆಯುಷ್ಯ 10³⁴ ವರ್ಷಕ್ಕೂ ಮಿಗಿಲೆಂದು ಅದು ಹೇಳುತ್ತದೆ. ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರಲ್ಲಿ ಗಣಿಯೂ ಮುಚ್ಚಿತು.

ತರಗತಿಗೆ

ಇದನ್ನು ಸೋಲಿನ ಕಥೆಯೆಂದು ಮಕ್ಕಳಿಗೆ ಹೇಳಬಾರದು. ಕಂಡದ್ದನ್ನು ಬಚ್ಚಿಡದೆ ಹೇಳಿದುದು, ಇತರರು ಪರೀಕ್ಷಿಸಿದುದು, ಪುರಾವೆ ಸಾಲದೆಂದಾಗ ಅದನ್ನು ನಿಯಮವೆಂದು ಬರೆಯದೆ ಉಳಿದುದು, ಇವು ಮೂರೂ ಸೇರಿದರೆ ವಿಜ್ಞಾನ.

ಶಿಕ್ಷಕರು ಮೂರು ಕಾರ್ಯಗಳನ್ನು ಮಾಡಬಹುದು. ಶಾಲೆಯ ಮೆಟ್ಟಿಲ ಮೇಲೆ ಮಕ್ಕಳನ್ನು ಎರಡು ಸಾಲಾಗಿ ನಿಲ್ಲಿಸಿ ಏರಿಳಿಸಿ, ನಡುವಿನ ಗೆರೆಯ ಮೇಲೆ ಎಷ್ಟು ಮಂದಿ ಎಂದು ಎಣಿಸುವುದು. ತಳದ ಮೆಟ್ಟಿಲಿನಲ್ಲಿ ಏನಾಯಿತೆಂದು ಕೇಳುವುದು. ಆವೇಶಗಳ ಕೂಡುವ ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸುವುದು. ಪಾಠದ ಪ್ರತಿ ನಿಯಮದ ಪಕ್ಕದಲ್ಲಿ ‘ಇದನ್ನು ಯಾರು, ಹೇಗೆ ಪರೀಕ್ಷಿಸಿದರು?’ ಎಂಬ ಪ್ರಶ್ನೆಯನ್ನು ಬರೆಸುವುದು.

ಪಾರಿಭಾಷಿಕ ಪದಗಳ ವಿಷಯದಲ್ಲಿ ಅಂಜಿಕೆ ಬೇಡ. ಪ್ರೋಟಾನ್ ಪ್ರೋಟಾನೆಂದೇ ಇರಲಿ. ಆದರೆ ‘ಉಳಿಯುತ್ತದೆ’, ‘ಅಳಿಯುತ್ತದೆ’, ‘ಏಕೆ’ ಎಂಬ ಮಾತುಗಳು ಮಗುವಿನ ಮನೆಮಾತಿನಲ್ಲಿಯೇ ಇರಲಿ. ಪ್ರಶ್ನೆ ಕೇಳಲು ತನ್ನ ಭಾಷೆ ಸಾಕೆಂಬ ಧೈರ್ಯ ಆ ಜಾಣೆಗೆ ಬಂದರೆ, ಮುಂದಿನ ಓದು ಯಾವ ಭಾಷೆಯಲ್ಲಿ ನಡೆದರೂ ಅವಳು ಎಡವಲಾರಳು. ಅವಳು ಎದ್ದು ನಿಂತಾಗ ಕುಳಿತುಕೋ ಎನ್ನದಿರುವುದೇ ಶಿಕ್ಷಕರು ಮಾಡಬೇಕಾದ ಮೊದಲ ಕೆಲಸ.