ಮತಗಟ್ಟೆಗೆ ಮುಂಚಿನ ಮತ

(ಆಂಧ್ರದ ಹಿಂದೂಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಇಟ್ಟ ಮನೆಯವರು ವಿಷಯವನ್ನು ನನ್ನ ಇಷ್ಟಕ್ಕೇ ಬಿಟ್ಟಿದ್ದರು. ಚುನಾವಣೆ ಬಗ್ಗೆ ಮಾತಾಡುತ್ತೇನೆ ಅಂದಾಗ ಅವರ ಮುಖ ಸ್ವಲ್ಪ ಸಣ್ಣದಾಯಿತು. ಸಾಹಿತ್ಯದ ವೇದಿಕೆ, ರಾಜಕೀಯ ಯಾಕೆ ಎಂದು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೆ. ಯಾರಿಗೆ ಓಟು ಹಾಕಬೇಕೆಂದು ಹೇಳಲು ನಾನು ಬಂದಿಲ್ಲ. ಓಟಿಗೆ ನಿಂತವರನ್ನು ನಿಲ್ಲಿಸಿದವರು ಯಾರು ಎಂದು ಕೇಳಲು ಬಂದಿದ್ದೇನೆ.

ಈ ಪ್ರಶ್ನೆ ಹುಟ್ಟುವುದಕ್ಕೆ ಈ ಊರೇ ಕಾರಣ. 1969ರಲ್ಲಿ ಹಿಂದೂಪುರದ ಲೋಕಸಭಾ ಸದಸ್ಯರಾಗಿದ್ದವರು ನೀಲಂ ಸಂಜೀವ ರೆಡ್ಡಿ. ಇದೇ ಅನಂತಪುರ ಸೀಮೆಯ ಇಲ್ಲೂರಿನವರು. 1967ರಲ್ಲಿ ಇಲ್ಲಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆಗಿದ್ದರು. 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಆ ಕುರ್ಚಿಗೆ ಕಾಂಗ್ರೆಸ್ಸಿನಿಂದ ಯಾರು? ಆ ತೀರ್ಮಾನ ಆದದ್ದು ದೆಹಲಿಯಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ. ಜುಲೈ ತಿಂಗಳಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿ ಜಗಜೀವನ ರಾಮ್ ಹೆಸರು ಮುಂದಿಟ್ಟರು. ಮೊರಾರ್ಜಿ ದೇಸಾಯಿ, ಕಾಮರಾಜ್, ಎಸ್.ಕೆ. ಪಾಟೀಲ್, ವೈ.ಬಿ. ಚವಾಣ್ ಸಂಜೀವ ರೆಡ್ಡಿಯವರ ಕಡೆ. ಸಂಸದೀಯ ಮಂಡಳಿಯಲ್ಲಿ ನಾಲ್ಕಕ್ಕೆ ಎರಡು. ಮುಗಿಯಿತು. ಕೈಬೆರಳಿನಲ್ಲಿ ಎಣಿಸುವಷ್ಟು ಜನ ಒಂದು ಕೋಣೆಯಲ್ಲಿ ಕೂತು ದೇಶದ ಮೊದಲ ಪ್ರಜೆಯ ಹೆಸರು ಬರೆದರು. ಹಾಗೆಂದು ಅವರೂ ನಂಬಿದ್ದರು.

ಆಮೇಲೆ ನಡೆದದ್ದು ನಿಮಗೆ ಗೊತ್ತು. ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಅದಕ್ಕೆ ಎರಡೇ ವರ್ಷ ಮೊದಲು ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ ಇಂದಿರಾ ಗಾಂಧಿಯೇ ಶಾಸಕರಿಗೆ, ಸಂಸದರಿಗೆ ಆತ್ಮಸಾಕ್ಷಿಗೆ ತಕ್ಕಂತೆ ಓಟು ಹಾಕಿ ಎಂದರು. ಜನಸಂಘ ಮತ್ತು ಸ್ವತಂತ್ರ ಪಕ್ಷದವರು ಸಿ.ಡಿ. ದೇಶಮುಖರನ್ನು ನಿಲ್ಲಿಸಿದ್ದರು. ನಿಜಲಿಂಗಪ್ಪನವರು ಆ ಪಕ್ಷಗಳವರ ಬಳಿಗೆ ಹೋಗಿ ಎರಡನೇ ಪ್ರಾಶಸ್ತ್ಯದ ಮತವನ್ನಾದರೂ ನಮ್ಮ ಅಭ್ಯರ್ಥಿಗೆ ಕೊಡಿ ಎಂದು ಕೇಳಿದ್ದು ದೊಡ್ಡ ರಾದ್ಧಾಂತವಾಯಿತು. ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಯಾರೂ ಅರ್ಧ ದಾಟಲಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಮೊದಲ ಬಾರಿಗೆ ಎರಡನೇ ಪ್ರಾಶಸ್ತ್ಯ ಎಣಿಸಬೇಕಾಯಿತು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ನಿಜಲಿಂಗಪ್ಪ ಕೇಳಿದ ಎರಡನೇ ಮತ ಬಹುಪಾಲು ಬಂದೇ ಬಂತು. ಮನೆಯೊಳಗಿನ ಮೊದಲ ಮತವೇ ಕೈಕೊಟ್ಟಿತ್ತು.

ಆ ಚುನಾವಣೆಗೆ ಇನ್ನೊಂದು ಬಾಲವೂ ಇದೆ. ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಸಂಜೀವ ರೆಡ್ಡಿಯವರ ಮೇಲೆ ಕೆಸರೆರಚುವ ಕರಪತ್ರ ಹಂಚಲಾಯಿತು ಎಂದು ಸುಪ್ರೀಂ ಕೋರ್ಟಿಗೆ ತಕರಾರು ಹೋಯಿತು. ಹಾಲಿ ರಾಷ್ಟ್ರಪತಿಯೇ ಸಾಕ್ಷಿ ಕಟ್ಟೆಗೆ ಬಂದು ಹೇಳಿಕೆ ಕೊಟ್ಟರು. 1970ರಲ್ಲಿ ಅರ್ಜಿ ವಜಾ ಆಯಿತು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಮಾತಾಡಿಸಿದ್ದರೆ ಕರಪತ್ರಕ್ಕೆ ಅಷ್ಟು ಬೆಲೆ ಬರುತ್ತಿತ್ತೇ? ಬಹಿರಂಗ ಮಾತಿಲ್ಲದ ಕಡೆ ಪಿಸುಮಾತಿಗೆ ಬೆಲೆ ಏರುತ್ತದೆ ಎಂದು ನನಗೆ ಅನಿಸುತ್ತದೆ. 1977ರಲ್ಲಿ ಸಂಜೀವ ರೆಡ್ಡಿ ಅದೇ ಹುದ್ದೆಗೆ ಅವಿರೋಧವಾಗಿ ಆಯ್ಕೆಯಾದರು. ಆಗ ಪೈಪೋಟಿಯೂ ಇಲ್ಲ, ಪಿಸುಮಾತೂ ಇಲ್ಲ.

ಇನ್ನು ಅಮೆರಿಕಕ್ಕೆ ಒಂದು ಸುತ್ತು ಹೋಗಿ ಬರೋಣ. ಅಲ್ಲಿ ನವೆಂಬರಿನ ಚುನಾವಣೆಗೆ ತಿಂಗಳುಗಟ್ಟಲೆ ಮೊದಲೇ ಒಂದೊಂದು ರಾಜ್ಯದಲ್ಲೂ ಪಕ್ಷದೊಳಗಿನ ಓಟು ನಡೆಯುತ್ತದೆ. ಪಕ್ಷದ ಹುರಿಯಾಳು ಯಾರಾಗಬೇಕು ಎಂಬುದನ್ನು ಸಾಮಾನ್ಯ ಮತದಾರರೇ ಹೇಳುತ್ತಾರೆ. ಅದೇ ಪ್ರೈಮರಿ. ಅದಕ್ಕೂ ಮುಂಚೆ ಒಂದೇ ಪಕ್ಷದ ಆಕಾಂಕ್ಷಿಗಳು ಒಂದೇ ವೇದಿಕೆಯಲ್ಲಿ ನಿಂತು ವಾದಕ್ಕಿಳಿಯುತ್ತಾರೆ. ಅಲ್ಲೂ ಇದು ಆಕಾಶದಿಂದ ಉದುರಿದ್ದಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲೂ ಸೆಣಸದೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದರು. ಶಿಕಾಗೋದ ಬೀದಿಗಳಲ್ಲಿ ಲಾಠಿ ಓಡಾಡಿತು. ಆಮೇಲೆ ಪಕ್ಷ ತನ್ನ ನಿಯಮಗಳನ್ನೇ ಬದಲಿಸಿಕೊಂಡಿತು. ನೋಡಿ, ಅಲ್ಲಿ 1968, ನಮ್ಮಲ್ಲಿ 1969. ಅವರ ಜಗಳದಿಂದ ಮತದಾರನಿಗೆ ಒಂದು ಬಾಗಿಲು ತೆರೆಯಿತು. ನಮ್ಮ ಜಗಳದಿಂದ ಕಾಂಗ್ರೆಸ್ ಎರಡಾಯಿತು, ಬಾಗಿಲು ಹಾಗೇ ಇತ್ತು.

ವಾದದ ವೇದಿಕೆ ಮಾಡುವ ಕೆಲಸ ವಿಚಿತ್ರ. 2011ರ ನವೆಂಬರಿನಲ್ಲಿ ಟೆಕ್ಸಾಸ್ ಗವರ್ನರ್ ರಿಕ್ ಪೆರಿ, ತಾನು ಅಧ್ಯಕ್ಷನಾದರೆ ಮೂರು ಇಲಾಖೆ ಮುಚ್ಚುತ್ತೇನೆ ಎಂದು ಹೊರಟು ಎರಡನ್ನು ಹೇಳಿ ಮೂರನೆಯದನ್ನು ಮರೆತರು. ತಡಕಾಡಿದರು, ನೆನಪಾಗಲಿಲ್ಲ. ಅಲ್ಲಿಂದ ಅವರು ಮೇಲೇಳಲಿಲ್ಲ. ಮರೆತದ್ದು ಇಂಧನ ಇಲಾಖೆ. 2017ರಲ್ಲಿ ಅದೇ ಇಲಾಖೆಗೆ ಅವರೇ ಮಂತ್ರಿ! ವೇದಿಕೆಗೆ ಬಾರದೆ ಗೆಲ್ಲಬಹುದು ಎಂಬುದನ್ನೂ ಅಲ್ಲಿಯವರೇ ತೋರಿಸಿದ್ದಾರೆ. 2023ರಲ್ಲಿ ಶುರುವಾದ ರಿಪಬ್ಲಿಕನ್ ಚರ್ಚೆಗಳಿಗೆ ಡೊನಾಲ್ಡ್ ಟ್ರಂಪ್ ಕಾಲೇ ಇಡಲಿಲ್ಲ, ಟಿಕೆಟ್ ಅವರಿಗೇ ಸಿಕ್ಕಿತು. ಆದ್ದರಿಂದ ಅಮೆರಿಕದ ಹಾಗೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ.

ಅಲ್ಲಿಂದ ನಾನು ತರುವುದು ಒಂದೇ ಸಂಗತಿ. ಟೆಕ್ಸಾಸಿನಲ್ಲಿ ಬಹುಕಾಲ ಡೆಮಾಕ್ರಟಿಕ್ ಪಕ್ಷದ್ದೇ ರಾಜ್ಯ. ಆ ಪಕ್ಷದ ಪ್ರೈಮರಿ ಗೆದ್ದವನು ಗೆದ್ದಂತೆಯೇ. ಕರಿಯರಿಗೆ ಆ ಪ್ರೈಮರಿಯಲ್ಲಿ ಓಟಿರಲಿಲ್ಲ. ಅದು ಪಕ್ಷದ ಮನೆ ವ್ಯವಹಾರ, ಸರ್ಕಾರದ್ದಲ್ಲ ಎಂಬ ವಾದ. 1944ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನಿಜವಾದ ಆಯ್ಕೆ ನಡೆಯುವ ಜಾಗದಲ್ಲೇ ಮತ ಇಲ್ಲವೆಂದ ಮೇಲೆ ಆಮೇಲಿನ ಮತ ಇದ್ದರೇನು?

ಈಗ ಹಿಂದೂಪುರಕ್ಕೆ ಬನ್ನಿ. 1983ರಿಂದ ಈ ವಿಧಾನಸಭಾ ಕ್ಷೇತ್ರದಲ್ಲಿ ತೆಲುಗು ದೇಶಂ ಸೋತದ್ದೇ ಇಲ್ಲ. 1985ರಲ್ಲಿ ಎನ್.ಟಿ. ರಾಮರಾವ್ ಮೂರು ಕಡೆ ನಿಂತು ಮೂರೂ ಗೆದ್ದು ಹಿಂದೂಪುರವನ್ನು ಉಳಿಸಿಕೊಂಡರು. 1989ರಲ್ಲಿ ಕಲ್ವಕುರ್ತಿಯಲ್ಲಿ ಸೋತರು, ಹಿಂದೂಪುರ ಕೈಬಿಡಲಿಲ್ಲ. 1996ರಲ್ಲಿ ಮಗ ಹರಿಕೃಷ್ಣ. 2014, 2019, 2024ರಲ್ಲಿ ಇನ್ನೊಬ್ಬ ಮಗ ಬಾಲಕೃಷ್ಣ. ಇವರ ಮೂಲ ಊರು ಕೃಷ್ಣಾ ಜಿಲ್ಲೆಯ ನಿಮ್ಮಕೂರು. ಇಲ್ಲಿಯವರಿಗೆ ಅದು ಕೊರತೆ ಎನಿಸಿಲ್ಲ. 2022ರಲ್ಲಿ ಜಿಲ್ಲೆ ಒಡೆದು ಪುಟ್ಟಪರ್ತಿ ಕೇಂದ್ರವಾದಾಗ ಹಿಂದೂಪುರವೇ ಜಿಲ್ಲಾಕೇಂದ್ರ ಆಗಬೇಕೆಂದು ಬಾಲಕೃಷ್ಣ ಇಲ್ಲಿ ಮೌನ ದೀಕ್ಷೆ ಕೂತರು. ಡೈಲಾಗಿಗೆ ಹೆಸರಾದ ನಟ ಬಾಯಿ ಕಟ್ಟಿ ಕೂತದ್ದನ್ನು ನೋಡಲು ಬಂದವರೂ ಕಡಿಮೆಯಿರಲಿಲ್ಲ.

ಒಂದೇ ಪಕ್ಷ ಇಷ್ಟು ಕಾಲ ಗೆಲ್ಲುವ ಊರಿನಲ್ಲಿ ಟಿಕೆಟ್ ಕೈಗೆ ಬಂದ ದಿನವೇ ಫಲಿತಾಂಶದ ದಿನ. ಆ ದಿನ ಹಿಂದೂಪುರದ ಮತದಾರ ಎಲ್ಲಿರುತ್ತಾನೆ? ಟೆಕ್ಸಾಸಿನಲ್ಲಿ ಕೆಲವರನ್ನು ಹೊರಗಿಟ್ಟಿದ್ದರು. ಇಲ್ಲಿ ಆ ಭೇದ ಇಲ್ಲ. ಎಲ್ಲರೂ ಹೊರಗೇ.

ಇದೇ ಸೀಮೆಯ ಕಲ್ಯಾಣದುರ್ಗದ್ದು ಬೇರೆಯೇ ಜಾಯಮಾನ. 2009ರಲ್ಲಿ ಕಾಂಗ್ರೆಸ್, 2014ರಲ್ಲಿ ತೆಲುಗು ದೇಶಂ, 2019ರಲ್ಲಿ ವೈಎಸ್ಸಾರ್ ಕಾಂಗ್ರೆಸ್, 2024ರಲ್ಲಿ ಮತ್ತೆ ತೆಲುಗು ದೇಶಂ. ಪ್ರತಿ ಸಲವೂ ಹೊಸ ಮುಖ. 2009ರಲ್ಲಿ ಗೆದ್ದ ರಘುವೀರಾ ರೆಡ್ಡಿ ತಮ್ಮ ಮಡಕಶಿರಾ ಕ್ಷೇತ್ರ ಮೀಸಲಾದ ಮೇಲೆ ಅಲ್ಲಿಗೆ ಹೋದವರು. 2014ರಲ್ಲಿ ಪೆನುಕೊಂಡಕ್ಕೆ ಹೋಗಿ ಸೋತರು, 2019ರಲ್ಲಿ ಕಲ್ಯಾಣದುರ್ಗಕ್ಕೆ ಮರಳಿ ಅಲ್ಲೂ ಸೋತರು. ಆ ಸಲ ಗೆದ್ದ ಉಷಶ್ರೀ ಚರಣ್ 2022ರಲ್ಲಿ ಮಂತ್ರಿಯಾದರು. 2024 ಬಂದಾಗ ಅವರ ಪಕ್ಷ ಅವರನ್ನು ಪೆನುಕೊಂಡಕ್ಕೆ ಕಳಿಸಿತು. ಪೆನುಕೊಂಡದ ಶಾಸಕ ಶಂಕರನಾರಾಯಣ ಅನಂತಪುರ ಲೋಕಸಭೆಗೆ. ಅನಂತಪುರದ ಸಂಸದ ತಲಾರಿ ರಂಗಯ್ಯ ಕಲ್ಯಾಣದುರ್ಗಕ್ಕೆ. ಕುರ್ಚಿಯಾಟದಲ್ಲಿ ಹಾಡು ನಿಂತಾಗ ಮಕ್ಕಳು ಕೂರುವ ಹಾಗೆ ಮೂವರೂ ಸುತ್ತಿ ಒಬ್ಬೊಬ್ಬರ ಜಾಗದಲ್ಲಿ ಇನ್ನೊಬ್ಬರು. ಕೆಲಸ ನೋಡಿ ಓಟು ಹಾಕಿ ಎನ್ನುತ್ತಾರಲ್ಲ, ಕೆಲಸ ಮಾಡಿದವರು ಪಕ್ಕದ ಕ್ಷೇತ್ರದಲ್ಲಿ ನಿಂತಿದ್ದರೆ ಲೆಕ್ಕ ಕೇಳುವುದು ಯಾರನ್ನು? ಮೂವರೂ ಸೋತರು. ಕಲ್ಯಾಣದುರ್ಗದಲ್ಲಿ ಗೆದ್ದವರು ಅಮಿಲಿನೇನಿ ಸುರೇಂದ್ರ ಬಾಬು. ಆ ವರ್ಷ ಬೀಸಿದ ಗಾಳಿ ರಾಜ್ಯಕ್ಕೆಲ್ಲ ಒಂದೇ, ಒಪ್ಪುತ್ತೇನೆ, ಕುರ್ಚಿಯಾಟವೊಂದೇ ಕಾರಣವಲ್ಲ. ಆದರೂ ಕಲ್ಯಾಣದುರ್ಗದ ಮತದಾರ ನಾಲ್ಕು ಚುನಾವಣೆಗಳಿಂದ ಮಾಡುತ್ತಿರುವುದನ್ನು ನಾನು ಹೀಗೆ ಓದುತ್ತೇನೆ: ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಇಲ್ಲದವನು ಅಭ್ಯರ್ಥಿಯನ್ನು ಕಳಿಸುವ ಅಧಿಕಾರವನ್ನು ಬಿಡದೆ ಚಲಾಯಿಸುತ್ತಿದ್ದಾನೆ.

ಪಕ್ಕದ ಮಡಕಶಿರಾದಲ್ಲಿ ಅದೇ ವರ್ಷ ತೆಲುಗು ದೇಶಂ ಮೊದಲು ಘೋಷಿಸಿದ ಹೆಸರನ್ನು ಕೊನೇ ಗಳಿಗೆಯಲ್ಲಿ ಬದಲಿಸಿ ಎಂ.ಎಸ್. ರಾಜು ಅವರಿಗೆ ಟಿಕೆಟ್ ಕೊಟ್ಟಿತು. ಗೆದ್ದದ್ದು 351 ಮತಗಳಿಂದ. ರಾಜ್ಯವೇ ಒಂದು ಕಡೆ ವಾಲಿದಾಗ ಮುನ್ನೂರೈವತ್ತೊಂದು!

ನಮ್ಮಲ್ಲಿ ಯಾರೂ ಪ್ರಯತ್ನ ಮಾಡಲಿಲ್ಲವೇ? ಮಾಡಿದರು. 2014ರಲ್ಲಿ ರಾಹುಲ್ ಗಾಂಧಿ ಆಯ್ದ ಕೆಲವು ಲೋಕಸಭಾ ಕ್ಷೇತ್ರಗಳಲ್ಲಿ ಅಮೆರಿಕದ ಮಾದರಿಯ ಒಳಚುನಾವಣೆ ನಡೆಸಿದರು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ, ವೀರಪ್ಪ ಮೊಯ್ಲಿಯವರ ಮಗ ಹರ್ಷ ಮೊಯ್ಲಿಯವರನ್ನು ಸೋಲಿಸಿದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ಚುನಾವಣೆಯಲ್ಲಿ ಪೂಜಾರಿಯವರು ನಳಿನ್ ಕುಮಾರ್ ಕಟೀಲ್ ಎದುರು, ನಾರಾಯಣಸ್ವಾಮಿಯವರು ಸದಾನಂದ ಗೌಡರ ಎದುರು ಸೋತರು. ಪ್ರಯೋಗ ಅಲ್ಲಿಗೇ ತಣ್ಣಗಾಯಿತು. ಅದರಲ್ಲಿ ಓಟಿದ್ದದ್ದು ಪಕ್ಷದ ಪದಾಧಿಕಾರಿಗಳಿಗೆ, ಕಾರ್ಯಕರ್ತರಿಗೆ. ಮಂಗಳೂರಿನ ಮೀನು ಮಾರುವ ಹೆಂಗಸಿಗಲ್ಲ. ಸೋತದ್ದಕ್ಕೆ ಪದ್ಧತಿಯನ್ನೇ ಬಿಡುವುದಾದರೆ, ಹೈಕಮಾಂಡ್ ಆರಿಸಿದವರು ಎಷ್ಟು ಸಲ ಸೋತಿಲ್ಲ? ಹೈಕಮಾಂಡನ್ನು ಯಾರೂ ಬಿಟ್ಟಿಲ್ಲ.

ಆಂಧ್ರದಲ್ಲಿ ಈಗ ಫೋನಿನ ಪದ್ಧತಿ ಬಂದಿದೆ. ಚಂದ್ರಬಾಬು ನಾಯ್ಡು ಅವರ ಪಕ್ಷ ಮತದಾರರ ಮೊಬೈಲಿಗೆ ಧ್ವನಿಮುದ್ರಿತ ಕರೆ ಮಾಡಿ, ನಿಮ್ಮ ಕ್ಷೇತ್ರಕ್ಕೆ ಇಂಥವರು ಬೇಕಾದರೆ ಒಂದು ಒತ್ತಿ, ಅಂಥವರು ಬೇಕಾದರೆ ಎರಡು ಒತ್ತಿ ಎಂದು ಕೇಳುತ್ತದೆ. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಒತ್ತಿದ ಗುಂಡಿಯ ಲೆಕ್ಕ ಪಕ್ಷದ ಕಚೇರಿಯಲ್ಲೇ ಉಳಿಯುತ್ತದೆ. ಯಾಕೆ ಒತ್ತಿದೆ ಎಂದು ಹೇಳಲು ಜಾಗವಿಲ್ಲ. ಫೋನಿನಲ್ಲಿ ಬಂದ ದನಿಗೆ ನೀವು ಎದುರು ಪ್ರಶ್ನೆ ಹಾಕುವ ಹಾಗಿಲ್ಲ. ಹಾಕಿದರೂ ಅದು ಅದೇ ಸಾಲನ್ನು ಮತ್ತೆ ಹೇಳುತ್ತದೆ.

ದೇಶದ ಮಟ್ಟದಲ್ಲೂ ಹೀಗೇ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕುರ್, ಎ.ಪಿ. ಷಾ ಮತ್ತು ಪತ್ರಕರ್ತ ಎನ್. ರಾಮ್ ಸೇರಿ ನರೇಂದ್ರ ಮೋದಿ, ರಾಹುಲ್ ಗಾಂಧಿ ಇಬ್ಬರನ್ನೂ ಬಹಿರಂಗ ಚರ್ಚೆಗೆ ಕರೆದರು. ರಾಹುಲ್ ಬರುತ್ತೇನೆ ಎಂದರು. ಚರ್ಚೆ ನಡೆಯಲಿಲ್ಲ.

ಇಲ್ಲಿ ಚರ್ಚೆ ನಡೆಯುವುದಾದರೆ ಏನು ಕೇಳಬೇಕೆಂದು ನನಗೆ ಗೊತ್ತಿದೆ. ರಾಯದುರ್ಗದಿಂದ ಕಲ್ಯಾಣದುರ್ಗ ದಾಟಿದ ರೈಲು ಪಾವಗಡ, ಮಧುಗಿರಿ ಮೇಲಾಗಿ ತುಮಕೂರಿಗೆ ಯಾವಾಗ ಮುಟ್ಟುತ್ತದೆ? ಹಂದ್ರಿ–ನೀವಾ ಕಾಲುವೆಯ ನೀರು ಕಡೇ ಊರಿನ ಕೆರೆಗೆ ಎಷ್ಟು ದಿನ ಬರುತ್ತದೆ? ರೊಳ್ಳ, ಅಗಳಿ, ಅಮರಾಪುರದ ಕನ್ನಡ ಶಾಲೆಗೆ ಮೇಷ್ಟ್ರು ಯಾವಾಗ? ಉತ್ತರ ಸುಳ್ಳಾದರೂ ಪರವಾಗಿಲ್ಲ, ಎದುರಾಳಿಯ ಎದುರಿಗೆ ಹೇಳಿದ ಸುಳ್ಳಾಗಿರಲಿ.

ಚರ್ಚೆ ಯಾವ ಭಾಷೆಯಲ್ಲಿ ಎಂದು ಸಭಿಕರೊಬ್ಬರು ಉಪನ್ಯಾಸಕ್ಕೆ ಮೊದಲೇ ನನ್ನನ್ನು ಕೇಳಿದರು. 2024ರಲ್ಲಿ ಹಿಂದೂಪುರ ಲೋಕಸಭೆಗೆ ವೈಎಸ್ಸಾರ್ ಕಾಂಗ್ರೆಸ್ ನಿಲ್ಲಿಸಿದ್ದು ಜೆ. ಶಾಂತಾ ಅವರನ್ನು, ಬಳ್ಳಾರಿಯಿಂದ 2009ರಲ್ಲಿ ಬಿಜೆಪಿ ಸಂಸದೆಯಾಗಿದ್ದವರು, ಬಿ. ಶ್ರೀರಾಮುಲು ಅವರ ತಂಗಿ. ಗಡಿಯೀಚೆಯ ಪಕ್ಷ, ಗಡಿಯಾಚೆಯ ಹೆಸರು. ತೆಲುಗು ದೇಶಂನ ಬಿ.ಕೆ. ಪಾರ್ಥಸಾರಥಿ ಎದುರು ಅವರು ಸೋತರು. ಸೋತದ್ದು ಭಾಷೆಯಿಂದಲ್ಲ. ಈ ಸೀಮೆಯಲ್ಲಿ ಮುದುಕಿ ಕನ್ನಡದಲ್ಲಿ ಕೇಳುತ್ತಾಳೆ, ಅಭ್ಯರ್ಥಿ ತೆಲುಗಿನಲ್ಲಿ ಜಾರಿಕೊಳ್ಳುತ್ತಾನೆ, ಇಬ್ಬರಿಗೂ ಪೂರ್ತಿ ಅರ್ಥವಾಗಿರುತ್ತದೆ. ಮೈಕು ಎರಡು ಇಟ್ಟರೆ ಸಾಕು.